ಮನೆಗಾಡಿಯ ಕೊಂಡಿ ಹಾಗೂ ‘ಹಗೂರ’ ಎಂಬ ಶಬ್ದದ ಕುರಿತು

ಪಿಂಪ್ರಿ, ಚಿಂಚವಾಡ ಹಾಗೂ ದೇಹೂ ರೋಡ್ ಕಡೆಯ ಮೋಟಾರು ಕಾರಖಾನೆಗಳಿಗೆ ಹೊಸದಾಗಿ ಸೇರುತ್ತಿರುವ ನಮ್ಮ ಧಾರವಾಡ, ಬೆಳಗಾವಿ ಸೀಮೆಯ ತರುಣರ ಅವಗಾಹನೆಗೆ ಈ ಕೆಳಗಿನ ಸಂಗತಿಗಳನ್ನು ವಿನಯಪೂರ್ವಕವಾಗಿ ಸಾದರಪಡಿಸುತ್ತಿದ್ದೇನೆ. ನಾನು ಲೇಖಕನಲ್ಲ. ನನ್ನ ಸೇವೆಯ ಅವಧಿಯಲ್ಲಿ ಕಚೇರಿ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಪತ್ರದ ಧಾಟಿ ನುಸುಳಿದ್ದರೆ ಓದುಗರು ಮನ್ನಿಸಬೇಕೆಂದು ಕೋರುತ್ತೇನೆ. ನನಗೆ ದೊರೆತ ಬಡ್ತಿಗಳ ವಿವರ ನನ್ನ ಸೇವಾ ಪುಸ್ತಕದಲ್ಲಿದೆ. ಅದರಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಇಲ್ಲಿ ಬರೆದಿಲ್ಲ. ನಾನು ಮಾಡಿದ ಒಂದು ತಪ್ಪಿನ ವಿವರ ಆ ಪುಸ್ತಕದಲ್ಲಿಲ್ಲ. ಅದು ಉಪಯೋಗಕ್ಕೆ ಬರುವಂಥದು. ಅದನ್ನು ನೆನೆದರೆ ಈ ವಯಸ್ಸಿನಲ್ಲಿಯೂ ನಾಚಿಕೆಯಾಗುತ್ತದೆ, ಮರುಕ್ಷಣವೇ ಮನಸ್ಸು ಹಿಗ್ಗುತ್ತದೆ.

ನಾನು ಬೈಲಹೊಂಗಲ ಕಡೆಯ ಬಡಿಗೇರ ಮನೆತನದವನು. ಹೆಸರು ಈರಣ್ಣ. ತಂದೆಯವರು ಎತ್ತಿನ ಗಾಡಿ ಕಟ್ಟುತ್ತಿದ್ದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ, ಮರದ ಧೂಳಿನಿಂದ ದೂರವಾಗಬೇಕೆಂಬ ಹಟದಿಂದ ಪುಣೆಗೆ ಬಂದೆ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಪುಣೆಯ ಕ್ಯಾಂಪಿನಲ್ಲಿ ಮೋಟಾರುಗಳಿಗೆ ಮೈ ಕಟ್ಟಿಕೊಡುವ ಒಂದು ಕಾರಖಾನೆಯಿತ್ತು. ಅಲ್ಲಿ ನನಗೆ ಹಂಗಾಮಿ ನೌಕರಿ ದೊರೆಯಿತು. ಆರು ತಿಂಗಳು ಕಳೆದರೆ ಕಾಯಂ. ಅಷ್ಟರೊಳಗೆ ಒಂದು ತಪ್ಪಾದರೂ ಊರಿನ ದಾರಿ.

ನನ್ನ ಕೆಲಸ ಎರಡು ಬಗೆಯದು. ಒಂದು, ಫಿಟ್ಟರರ ಜೊತೆ ನಟ್ಟು ತಿರುಗಿಸುವ ಪಾನಾ ಹಿಡಿಯುವುದು. ಇನ್ನೊಂದು, ಕೆಲಸದ ರಿಜಿಸ್ಟರು ಬರೆಯುವುದು. ನಮ್ಮ ಮಿಸ್ತ್ರಿಗಳಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಬಾಯಿಂದ ಹೇಳಿದ್ದನ್ನು ನಾನು ಮರಾಠಿಯಲ್ಲಿ ದಾಖಲಿಸಬೇಕು, ಅವರು ಕೆಳಗೆ ಹೆಬ್ಬೆಟ್ಟು ಒತ್ತಬೇಕು, ಆ ನಮೂದಿನ ಪ್ರಕಾರ ಬೇರೆ ಬೇರೆ ವಿಭಾಗದವರು ಕೆಲಸ ಮಾಡಬೇಕು. ಈ ಪದ್ಧತಿಯನ್ನು ಜಾರಿಗೆ ತಂದವರು ಮ್ಯಾನೇಜರರಾದ ಲೇಲೆ ಸಾಹೇಬರು. ಅವರು ಮರಾಠಿಯಲ್ಲದೆ ಬೇರೆ ಭಾಷೆ ಮಾತನಾಡುತ್ತಿರಲಿಲ್ಲ. ಅವರ ಮಾತುಗಳನ್ನು ಇಲ್ಲಿ ನಾನೇ ಕನ್ನಡಕ್ಕೆ ತಂದಿದ್ದೇನೆ. ರಿಜಿಸ್ಟರಿನಲ್ಲಿ ಇಲ್ಲದ್ದು ಕಾರಖಾನೆಯಲ್ಲಿ ನಡೆದೇ ಇಲ್ಲವೆಂಬುದು ಅವರ ಸಿದ್ಧಾಂತವಾಗಿತ್ತು.

ಬ್ರೇಕು ಹಾಗೂ ಕಮ್ಮಾರಿಕೆಯ ಮಿಸ್ತ್ರಿ ದಾವಲಸಾಬರು. ನವಲಗುಂದದವರು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದರೂ ಕನ್ನಡದ ಮನುಷ್ಯ ಸಿಕ್ಕರೆ ಮರಾಠಿಯನ್ನು ಪಕ್ಕಕ್ಕಿಡುತ್ತಿದ್ದರು. ಖಡಕಿಯಿಂದ ಕ್ಯಾಂಪಿನವರೆಗೆ ಯಾರ ಮೋಟಾರಿನ ಬ್ರೇಕು ಕಿರುಗುಟ್ಟಿದರೂ ಅವರ ಹೆಸರೇ ಮೊದಲು ಬರುತ್ತಿತ್ತು. ಮೊದಲ ದಿನ ನನ್ನ ಕಿವಿಯ ಮೇಲಿನ ಪೆನ್ಸಿಲು ನೋಡಿ ಅವರು ಹೇಳಿದರು:

“ಬಡಿಗೇರರ ಮಗಾ ಅಂತಿ, ಕಿವಿ ಮ್ಯಾಲ ಪೆನ್ಸಿಲ್ ಇಟ್ಟೀದಿ. ನಿಮ್ಮಪ್ಪನೂ ಹಿಂಗಽ ಇಡತಿದ್ನೇನು?”

“ಹೌದ್ರಿ. ಆದ್ರ ಅವರು ಗೀಟು ಹಾಕಲಿಕ್ಕೆ ಇಡತಿದ್ರು. ನಾನು ಬರಿಲಿಕ್ಕೆ.”

“ಗೀಟು ತಪ್ಪಿದ್ರ ಕಟಗಿ ಕೆಡತದ. ಬರದದ್ದು ತಪ್ಪಿದ್ರ ಏನ ಕೆಡತದ, ಗೊತ್ತದ ಏನು?”

ನಾನು ನಕ್ಕುಬಿಟ್ಟೆ. ಉತ್ತರ ಐದು ತಿಂಗಳ ಮೇಲೆ ದೊರೆಯಿತು.

ಮೊದಲು ಕೊಂಡಿಯ ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲವೂ ಅದರ ಮೇಲೆ ನಿಂತಿದೆ. ಮೋಟಾರಿನ ಹಿಂದೆ ಗಾಡಿ ಕಟ್ಟಿ ಎಳೆಯುವ ಪದ್ಧತಿ ಆಗ ಹೊಸದು. ಆರಂಭದಲ್ಲಿ ಸರಪಳಿ ಬಿಗಿಯುತ್ತಿದ್ದರು. ಸರಪಳಿ ಎಳೆಯಬಲ್ಲದು, ತಡೆಯಲಾರದು. ಮೋಟಾರು ನಿಂತರೆ ಹಿಂದಿನ ಗಾಡಿ ಬಂದು ಅದರ ಬೆನ್ನಿಗೆ ಗುದ್ದುತ್ತಿತ್ತು. ನಂತರ ತೂತಿನ ಪಟ್ಟಿಗೆ ಕಬ್ಬಿಣದ ಗೂಟ ಇಳಿಸುವ ಕೊಂಡಿ ಬಂದಿತು. ತೂತು ಗೂಟಕ್ಕಿಂತ ಬೆರಳಿನಷ್ಟು ದೊಡ್ಡದಾದರೂ ಬ್ರೇಕು ತುಳಿದಾಗಲೆಲ್ಲ ಗಾಡಿ ಮೊದಲು ಆ ಸಂದಿಯಷ್ಟು ಓಡಿ ಬಂದು, ಆಮೇಲೆ ಬಡಿಯುತ್ತಿತ್ತು. ಬಡಿದಾಗ ಮೋಟಾರಿನ ಹಿಂದಿನ ಗಾಲಿಗಳು ನೆಲದ ಹಿಡಿತವನ್ನು ಬಿಡುತ್ತಿದ್ದವು. ಆಮೇಲೆ ಬಂದದ್ದು ಗುಂಡು ಹಾಗೂ ಬಟ್ಟಲಿನ ಕೊಂಡಿ. ಮೋಟಾರಿನ ಗುಂಡಿನ ಮೇಲೆ ಗಾಡಿಯ ಬಟ್ಟಲು ಕವುಚಿ ಕೂಡುವುದರಿಂದ ಅದರಲ್ಲಿ ಸಂದಿಯಿಲ್ಲ, ಎಲ್ಲ ಕಡೆಗೂ ತಿರುಗುತ್ತದೆ.

ಇದನ್ನೆಲ್ಲ ಪುಸ್ತಕ ನೋಡಿ ಒಪ್ಪಿಸುತ್ತಿದ್ದ ನನಗೆ ದಾವಲಸಾಬರು ಒಂದೇ ಮಾತಿನಲ್ಲಿ ಕಲಿಸಿದರು. “ಮೋಟಾರ್ ನಿಂತಿತು ಅಂತ ಮೋಟಾರಿಗೆ ಗೊತ್ತದ. ಹಿಂದಿನ ಗಾಡಿಗೆ ಕಣ್ಣಿಲ್ಲ. ಅದಕ್ಕ ಯಾರ ಹೇಳಬೇಕು? ಕೊಂಡಿ ಹೇಳಬೇಕು. ಕೊಂಡಿ ಸುಳ್ಳು ಹೇಳಿದ್ರ ಎರಡೂ ಸಾಯ್ತಾವ.” ಆಮೇಲೆ ನನ್ನ ರಿಜಿಸ್ಟರಿನ ಕಡೆಗೆ ಗದ್ದ ಚಾಚಿ, “ನೀನೂ ಒಂದ್ ಕೊಂಡಿನಽ. ನಾ ಮುಂದ, ಆ ಬಡಿಗ್ಯಾರೆಲ್ಲಾ ಹಿಂದ,” ಎಂದರು.

ಹೀಗಿರುವಾಗ ಡಾಕ್ಟರ್ ಅಂಬಾಬಾಯಿಯವರು ಕಾರಖಾನೆಗೆ ಬಂದರು. ಬೆಳಗಾವಿಯವರು. ಕಚ್ಚೆ ಸೀರೆ, ಕಾಲಲ್ಲಿ ಗಂಡಸರ ಬೂಟು, ಮೋಟಾರನ್ನು ತಾವೇ ನಡೆಸಿಕೊಂಡು ಬಂದಿದ್ದರು. ಸಾತಾರಾ ರಸ್ತೆಯುದ್ದಕ್ಕೂ ಇರುವ ಹಳ್ಳಿಗಳಲ್ಲಿ ಬಾಣಂತಿಯರನ್ನೂ ಮಕ್ಕಳನ್ನೂ ನೋಡುವುದು ಅವರ ಉದ್ದೇಶ. ಉಳಿದುಕೊಳ್ಳಲು ಎಲ್ಲ ಕಡೆ ಮನೆ ಸಿಗದು, ಸಿಕ್ಕಲ್ಲಿ ನೂರು ಪ್ರಶ್ನೆ. ಆದ್ದರಿಂದ ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಎರಡು ಗಾಲಿಯ ಮನೆ ಬೇಕೆಂದರು: ಒಂದು ಮಂಚ, ಒಲೆ, ಔಷಧದ ಕಪಾಟು, ನೀರಿನ ಟಾಕಿ, ರೋಗಿಗಳನ್ನು ತೂಗುವ ಕಾಟಾ.

ಲೇಲೆ ಸಾಹೇಬರು ಇಂಗ್ಲಿಷ್ ಕ್ಯಾಟಲಾಗು ಬಿಡಿಸಿ, ಇಂಥ ಗಾಡಿಯಲ್ಲಿ ಸಾಹೇಬರ ಕುಟುಂಬಗಳು ಸಮುದ್ರ ತೀರಕ್ಕೆ ಹೋಗುತ್ತವೆ, ಹೆಂಗಸು ಒಬ್ಬಳೇ ಕಾತ್ರಜ ಘಾಟ ಇಳಿಯುವುದಿಲ್ಲ ಎಂದರು.

ಡಾಕ್ಟರಬಾಯಿ ಮರಾಠಿಯಲ್ಲಿ ಸಮಾಧಾನದಿಂದ ಉತ್ತರಿಸಿದರು. “ಘಾಟು ಇಳಿಯುವುದು ನನ್ನ ಕೆಲಸ. ಇಳಿಯುವಾಗ ನಿಲ್ಲುವಂಥ ಗಾಡಿ ಕೊಡುವುದು ನಿಮ್ಮದು.”

ಆಮೇಲೆ ನಮ್ಮ ಕಡೆ ತಿರುಗಿ ದಾವಲಸಾಬರನ್ನು ಕನ್ನಡದಲ್ಲಿ ಕೇಳಿದರು, “ಆಗ್ತದೇನ್ರಿ ಮಿಸ್ತ್ರಿ?”

“ಆಗ್ತದ್ರಿ ಬಾಯಾರ. ನಿಲ್ಲೋದು ಕಲಿಸಿದ ಮ್ಯಾಲನಽ ಓಡೋದು ಕಲಸ್ತೀವಿ.”

ಸದರಿ ಗಾಡಿಗೆ ‘ಮನೆಗಾಡಿ’ ಎಂದು ಹೆಸರಾಯಿತು. ಕ್ಯಾಟಲಾಗಿನ ಚಿತ್ರ ನೋಡಿ ನಾವು ಜಾರುವ ಕೊಂಡಿ ಮಾಡಿದೆವು. ಅದರ ವಿವರ ಹೀಗಿದೆ. ಗಾಡಿಯ ಮೂತಿಯಲ್ಲಿರುವ ಎಳೆಯುವ ದಂಡ ಒಂದು ಕೊಳವೆಯೊಳಗೆ ಹಿಂದೆ ಮುಂದೆ ಸರಿಯುತ್ತದೆ. ಮೋಟಾರು ನಿಧಾನವಾದೊಡನೆ ಗಾಡಿ ತನ್ನ ವೇಗದಿಂದ ಮುಂದಕ್ಕೆ ಒತ್ತುತ್ತದೆ. ದಂಡ ಕೊಳವೆಯೊಳಗೆ ಸರಿಯುತ್ತದೆ. ಅದು ಸರಿದಾಗ ಒಂದು ಸರಳು ಎಳೆದುಕೊಂಡು ಗಾಡಿಯ ಸ್ವಂತ ಗಾಲಿಗಳಿಗೆ ಬ್ರೇಕು ಹಿಡಿಯುತ್ತದೆ. ಗಾಡಿ ಎಷ್ಟು ತಳ್ಳುತ್ತದೆಯೋ ಅಷ್ಟೇ ತನ್ನನ್ನು ತಾನು ತಡೆದುಕೊಳ್ಳುತ್ತದೆ. ಇದನ್ನು ಮೊದಲ ಬಾರಿ ಕಣ್ಣಾರೆ ಕಂಡ ದಿನ ನನಗೆ ಊಟ ಸೇರಲಿಲ್ಲ. ಕಬ್ಬಿಣಕ್ಕೆ ಬುದ್ಧಿ ಬಂದದ್ದನ್ನು ಕಂಡ ಹಾಗಾಗಿತ್ತು.

ಅಂಗಳದಲ್ಲಿ ಮೊದಲ ಪರೀಕ್ಷೆ ನಡೆದಾಗ ಒಂದು ಫಜೀತಿಯಾಯಿತು. ಹಿಂದಕ್ಕೆ ಸರಿಸಲು ಹೋದರೆ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಎಂಟು ಜನ ನೂಕಿದೆವು, ಲೇಲೆ ಸಾಹೇಬರು ಕೋಟು ಕಳಚಿ ತಾವೂ ಭುಜ ಕೊಟ್ಟರು. ಕೊನೆಗೆ ದಾವಲಸಾಬರು ನಗುತ್ತ, “ಮೋಟಾರ್ ಹಿಂದಕ್ಕ ದೂಡಿದ್ರೂ ದಂಡ ಒಳಗಽ ಸರೀತದ. ಪಾಪ, ಗಾಡಿ ಬ್ರೇಕ್ ಹಿಡಕೊಂಡು ಕೂತದ, ನಾವು ಬೈಯಾಕತ್ತೀವಿ,” ಎಂದರು. ದಂಡ ಸರಿಯದಂತೆ ತಡೆಯಲು ಒಂದು ಗೂಟ ಬೇಕಿತ್ತು. ಹಿಂದೆ ಸರಿಸುವಾಗ ಹಾಕಬೇಕು, ಮುಂದೆ ಹೋಗುವಾಗ ನೆನಪಿನಿಂದ ತೆಗೆಯಬೇಕು. ಆ ಗೂಟಕ್ಕೆ ಕೆಂಪು ಅರಿವೆ ಕಟ್ಟಿದೆವು. ಈಗಿನ ಯಂತ್ರಗಳಲ್ಲಿ ಅದಕ್ಕೆ ಬೇರೆ ಏರ್ಪಾಡು ಇರಬಹುದು. ಆದರೆ ಯಾವುದನ್ನು ತೆಗೆಯಲು ಮರೆತರೆ ಜೀವ ಹೋಗುತ್ತದೆಯೋ ಅದಕ್ಕೆ ಕೆಂಪು ಅರಿವೆ ಕಟ್ಟಿರೆಂದು ತರುಣರಲ್ಲಿ ವಿನಂತಿ.

ಎರಡನೆಯ ತೊಂದರೆ ಸ್ಪ್ರಿಂಗಿನದು. ದಂಡವನ್ನು ತಡೆದು ಹಿಡಿಯುವ, ಕೊಳವೆಯೊಳಗಿನ ಸ್ಪ್ರಿಂಗು ಮೆದುವಾಗಿತ್ತು. ಮೋಟಾರು ತುಸು ನಿಧಾನವಾದರೂ ದಂಡ ಒಮ್ಮೆಲೇ ತುದಿಯವರೆಗೆ ಸರಿದು ಗಾಡಿಯ ಗಾಲಿಗಳನ್ನು ಕಚ್ಚಿಬಿಡುತ್ತಿತ್ತು. ಅದೇ ಹೊತ್ತಿಗೆ ನಾಲ್ವರು ಆಳುಗಳು ಗಾಡಿಯ ಮೂತಿಯನ್ನೆತ್ತಿ ಮೋಟಾರಿಗೆ ಸಿಕ್ಕಿಸಲು ತಿಣುಕುತ್ತಿದ್ದರು. ಪಕ್ಕದಲ್ಲಿ ಕಮ್ಮಾರರ ಸುತ್ತಿಗೆ ನಡೆದಿತ್ತು. ದಾವಲಸಾಬರು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು:

“ಮುಂದಿಂದು ಭಾಳ ಜೋರ ಅದ. ಹಗೂರ ಆಗಬೇಕು. ಬರಿ.”

ನಮ್ಮ ಸೀಮೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ‘ಹಗೂರ’ ಎಂದರೆ ನಮ್ಮಲ್ಲಿ ಭಾರವಿಲ್ಲದ್ದು. ‘ಹಗೂರ’ ಎಂದರೆ ನಿಧಾನವಾಗಿ, ಮೆಲ್ಲಗೆ ಎಂದೂ ಆಗುತ್ತದೆ. ಮಗುವನ್ನು ಹಗೂರ ಎತ್ತಬೇಕು, ಹತ್ತಿಯ ಅರಳೆ ಹಗೂರ ಇರುತ್ತದೆ. ಮರಾಠಿಯಲ್ಲಿ ಇವು ಎರಡು ಬೇರೆ ಶಬ್ದಗಳು: ಮೆಲ್ಲಗೆ ಎಂಬುದಕ್ಕೆ ‘ಹಳೂ’, ಭಾರವಿಲ್ಲದ್ದಕ್ಕೆ ‘ಹಲಕಾ’. ನನ್ನ ಕಣ್ಣೆದುರು ನಾಲ್ವರು ಮೂತಿಯ ಭಾರಕ್ಕೆ ತಿಣುಕುತ್ತಿದ್ದರು. ನಾನು ರಿಜಿಸ್ಟರು ತೆಗೆದು ಬರೆದೆ: ‘ಪುಢಚಾ ಭಾಗ ಹಲಕಾ ಕರಾವಾ.’ ಮುಂದಿನ ಭಾಗದ ಭಾರ ಕಡಿಮೆ ಮಾಡತಕ್ಕದ್ದು.

“ಓದಲೇನ್ರಿ?” ಎಂದೆ.

“ನೀ ಬರದೀ ಅಂದ್ರ ಮುಗೀತು,” ಎಂದು ದಾವಲಸಾಬರು ಹೆಬ್ಬೆಟ್ಟು ಒತ್ತಿದರು. ಸ್ಪ್ರಿಂಗನ್ನು ಅವರು ಅದೇ ದಿನ ತಮ್ಮ ಕೈಯಿಂದಲೇ ಬದಲಿಸಿದರು. ಅದಕ್ಕೆ ರಿಜಿಸ್ಟರು ಬೇಕಿರಲಿಲ್ಲ. ನಾನು ಮಾತ್ರ ನಮೂದನ್ನು ಹಿಡಿದುಕೊಂಡು ಹಿಂದಿನ ಶೆಡ್ಡಿನಲ್ಲಿದ್ದ ಬಡಿಗರ ಬಳಿಗೆ ಹೋಗಿ, ನೆಲದ ಹಲಗೆಯ ಕೆಳಗಿದ್ದ ನೀರಿನ ಟಾಕಿಯನ್ನು ಗಾಲಿಗಳ ಮುಂದಿನಿಂದ ಬಿಚ್ಚಿಸಿ ಗಾಡಿಯ ಹಿಂದಿನ ತುದಿಗೆ ಹಾಕಿಸಿದೆ. ಔಷಧದ ಕಪಾಟನ್ನೂ ಹಿಂದಕ್ಕೆ ಸರಿಸಿದೆವು. ಘಾಟಿನ ಪರೀಕ್ಷೆಯ ದಿನ ಬೆಳಿಗ್ಗೆ ಕೊಂಡಿ ಸಿಕ್ಕಿಸಿದವನು ನಾನೇ. ಮೂತಿ ಒಂದೇ ಕೈಯಲ್ಲಿ ಎದ್ದಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಗಾಡಿ ಕಟ್ಟುವವನ ಮಗ ಹೀಗೆ ಮೆಚ್ಚಿಕೊಂಡನೆಂಬುದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ.

ಡಾಕ್ಟರಬಾಯಿ ಮೋಟಾರು ನಡೆಸಿದರು. ದಾವಲಸಾಬರೂ ನಾನೂ ಹಿಂದಿನ ಸೀಟಿನಲ್ಲಿ ಕುಳಿತೆವು. ಲೇಲೆ ಸಾಹೇಬರು ತಮ್ಮ ಮೋಟಾರಿನಲ್ಲಿ ಹಿಂಬಾಲಿಸಿದರು. ಏರುವಾಗ ಎಲ್ಲವೂ ಸುಸೂತ್ರ. ಬೋಗದೆ, ಅಂದರೆ ಗುಡ್ಡ ಕೊರೆದ ಸುರಂಗ, ದಾಟಿ ಶಿವಾಪುರದ ಕಡೆಗೆ ಇಳಿಯತೊಡಗಿದಾಗ ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ಅಲುಗಾಟ ಶುರುವಾಯಿತು. ಮನೆಗಾಡಿ ಬಾಲ ಬೀಸುತ್ತಿತ್ತು. ಎರಡನೆಯ ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿಗಳ ಸಾಲು ಬಂದಿತು. ಡಾಕ್ಟರಬಾಯಿ ಬ್ರೇಕು ತುಳಿದರು.

ಗಾಡಿ ನಿಲ್ಲಲಿಲ್ಲ. ಅದರ ಮೂತಿ ಮೇಲಕ್ಕೆ ಜಗ್ಗಿತು, ದಂಡ ಕೊಳವೆಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು, ಗಾಡಿಯ ಬ್ರೇಕು ಹಿಡಿಯಲೇ ಇಲ್ಲ. ಅಷ್ಟೂ ಭಾರ ನಮ್ಮ ಬೆನ್ನಿಗೆ ಬಿದ್ದಿತು. ಹಿಂದಿನ ಗಾಲಿಗಳು ಹಗುರಾಗಿ ಮೋಟಾರಿನ ಹಿಂಭಾಗ ಕಣಿವೆಯ ಕಡೆಗೆ ಜಾರತೊಡಗಿತು.

“ಬ್ರೇಕ್ ಬಿಡ್ರಿ ಬಾಯಾರ, ಬಿಡ್ರಿ,” ಎಂದರು ದಾವಲಸಾಬರು. ಅವರ ದನಿ ಏರಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆಯಲು ಎಂಥ ಧೈರ್ಯ ಬೇಕೆಂಬುದು ನಡೆಸುವವರಿಗೆ ಗೊತ್ತು. ಡಾಕ್ಟರಬಾಯಿ ಕಾಲು ತೆಗೆದರು. ಮೋಟಾರು ಮುಂದಕ್ಕೆ ಎಳೆದೊಡನೆ ಗಾಡಿ ನೆಟ್ಟಗಾಯಿತು. ಅವರು ಗೇರು ಇಳಿಸಿ, ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಗಾಲಿ ಉಜ್ಜಿ ನಿಲ್ಲಿಸಿದರು. ಒಳಗೆ ಔಷಧದ ಬಾಟಲಿಗಳೆಲ್ಲ ಪುಡಿಯಾಗಿ ಟಿಂಚರಿನ ವಾಸನೆ ರಸ್ತೆಗೆಲ್ಲ ಹರಡಿತು.

ಎತ್ತಿನ ಗಾಡಿಯ ಮುದುಕನೊಬ್ಬ ಇಳಿದು ಬಂದ. ಕೊಂಡಿ ನೋಡಲಿಲ್ಲ, ಬ್ರೇಕು ನೋಡಲಿಲ್ಲ. ಮನೆಗಾಡಿಯ ಹಿಂದಿನ ತುದಿಗೆ ಅಂಗೈ ಇಟ್ಟು ಒಮ್ಮೆ ಒತ್ತಿದ. “ಗಾಡೀ ಉಲಾಳ ಆಹೆ, ದಾದಾ,” ಎಂದು ನನಗೇ ಹೇಳಿದ.

ಉಲಾಳ ಎಂದರೆ ಹಿಂಭಾರ. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ ಎಂಬುದು ನಾನು ಅಕ್ಷರ ಕಲಿಯುವ ಮೊದಲು ಕಲಿತ ಪಾಠ. ತಂದೆಯವರು ಹೊಸ ಗಾಡಿಗೆ ಹೇರು ಹಾಕಿಸಿ, ನೊಗ ಎತ್ತಿ ನೋಡಿ, “ಎತ್ತಿದ್ದು ರಟ್ಟಿಗೆ ತಿಳೀಬೇಕು, ಆದ್ರ ಉಸಿರು ಹತ್ತಬಾರದು,” ಎನ್ನುತ್ತಿದ್ದರು. ಆ ಬೆಳಿಗ್ಗೆ ನನ್ನ ರಟ್ಟೆಗೆ ಏನೂ ತಿಳಿದಿರಲಿಲ್ಲ. 

ಲೇಲೆ ಸಾಹೇಬರೂ ಮುದುಕನ ಮಾತು ಕೇಳಿದ್ದರು. ಕಾರಖಾನೆಗೆ ಮರಳಿದವರೇ ರಿಜಿಸ್ಟರು ತರಿಸಿ ನಮೂದನ್ನು ಗಟ್ಟಿಯಾಗಿ ಓದಿದರು.

“ಪುಢಚಾ ಭಾಗ ಹಲಕಾ ಕರಾವಾ. ಇದು ಯಾರ ಹೆಬ್ಬೆಟ್ಟು?”

ದಾವಲಸಾಬರು ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ಹಲಕಾ ಗೊತ್ತು, ಹಳೂ ಗೊತ್ತು. ಒಂದು ಕ್ಷಣದಲ್ಲಿ ಎಲ್ಲವೂ ಅವರಿಗೆ ತಿಳಿಯಿತು.

“ಹೆಬ್ಬೆಟ್ಟು ನನ್ನದೇ, ಸಾಹೇಬ್,” ಎಂದು ಮರಾಠಿಯಲ್ಲಿ ಹೇಳಿದರು.

“ಇಪ್ಪತ್ತು ವರ್ಷದ ಮಿಸ್ತ್ರಿ ಒಬ್ಬ ಹೆಣ್ಣುಮಗಳನ್ನು ಕಣಿವೆಗೆ ಕಳಿಸುತ್ತಿದ್ದೆ. ಸೋಮವಾರದಿಂದ ಬ್ರೇಕಿಗೆ ಕೈ ಹಚ್ಚಬೇಡ. ಬೇರೆ ಕೆಲಸ ಇದ್ದರೆ ಹೇಳುತ್ತೇನೆ.”

ಬೇರೆ ಕೆಲಸ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಖಡಕಿಯಿಂದ ಕ್ಯಾಂಪಿನವರೆಗೆ ದಾವಲಸಾಬರ ಹೆಸರು ಆ ಒಂದು ನಮೂದಿನಿಂದ ಮುಗಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಈ ಸಂಗತಿಯನ್ನು ಯಾವ ಅಲಂಕಾರವಿಲ್ಲದೆ ದಾಖಲಿಸುತ್ತಿದ್ದೇನೆ: ಆ ದಿನ ನಾನು ಬಾಯಿ ಬಿಡಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅವರು ಬೀಡಿ ಹಚ್ಚುತ್ತಿದ್ದರು. “ಯಾಕ್ರಿ ಸುಮ್ಮನಾದ್ರಿ?” ಎಂದು ಕೇಳಿದೆ.

“ನಿನ್ನ ಆರ ತಿಂಗಳು ಎಂದ ಮುಗೀತದ?”

“ಇನ್ನ ಹದಿನೈದ ದಿನಾ ಅದ್ರಿ.”

“ನಾ ಎಲ್ಲಿ ಹೋದ್ರೂ ಸುತ್ತಿಗಿ ಹಿಡೀತೀನಿ. ತಪ್ಪು ಬರದಾಂವ ಅಂತ ಹೆಸರಾತಂದ್ರ ನಿನ್ನ ಕೈಯಾಗ ಯಾರೂ ಪೆನ್ಸಿಲ್ ಕೊಡಂಗಿಲ್ಲ.” ಬೀಡಿಯ ಬೂದಿ ಕೊಡವಿ ಮತ್ತೆ ಹೇಳಿದರು, “ಓದಲೇನ್ರಿ ಅಂತ ನೀ ಕೇಳಿದ್ದಿ. ಬ್ಯಾಡಂದಾಂವ ನಾನು. ನನ್ನದೂ ಒಂದ್ ಪಾಲು ಅದ ಇದರಾಗ.”

ಅವರು ಬೈದಿದ್ದರೆ ನಾನು ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದೆನೇನೋ. ಮರುದಿನ ಮುಂಜಾನೆ ಕಾರಖಾನೆಯ ಗೇಟು ತೆರೆಯುವ ಮೊದಲೇ ಹೋಗಿ, ಕಟ್ಟೆಯ ಮೇಲೆ ಕುಳಿತು ಒಂದು ಪತ್ರ ಬರೆದೆ. ನನ್ನ ಜೀವನದ ಮೊದಲ ಕಚೇರಿ ಪತ್ರ ಅದು. ಮರಾಠಿಯಲ್ಲಿದ್ದ ಅದರ ಸಾರಾಂಶ ಹೀಗಿದೆ: ‘ಕೆಳಗೆ ಸಹಿ ಮಾಡಿದವನು ಅತ್ಯಂತ ನಮ್ರತೆಯಿಂದ ನಿವೇದಿಸಿಕೊಳ್ಳುವುದೇನೆಂದರೆ, ಮನೆಗಾಡಿಯ ಸಂಬಂಧ ಮಿಸ್ತ್ರಿಯವರು ಕನ್ನಡದಲ್ಲಿ ಬ್ರೇಕು ಮೆಲ್ಲಗೆ ಹಿಡಿಯಬೇಕು ಎಂದು ಹೇಳಿದ್ದನ್ನು ಸದರಿಯವನು ಮೂತಿಯ ಭಾರ ಕಡಿಮೆಯಾಗಬೇಕು ಎಂದು ತಿಳಿದು ತಪ್ಪಾಗಿ ನಮೂದಿಸಿರುತ್ತಾನೆ. ಹೆಬ್ಬೆಟ್ಟು ಅವರದು, ಶಬ್ದ ಅವರದಲ್ಲ. ಭಾರ ಸರಿಸಿದವನೂ ಸದರಿಯವನೇ. ಈ ಬಗ್ಗೆ ಆಗಬಹುದಾದ ಕ್ರಮಕ್ಕೆ ಸಿದ್ಧನಿದ್ದಾನೆ. ಗಾಡಿಗೆ ಇನ್ನೊಂದು ಪರೀಕ್ಷೆ ದಯಪಾಲಿಸಬೇಕು.’

ಲೇಲೆ ಸಾಹೇಬರು ಎರಡು ಸಲ ಓದಿದರು. “ಪತ್ರ ನೆಟ್ಟಗಿದೆ. ಗಾಡಿ ನೆಟ್ಟಗೆ ಬರುತ್ತದೆಯೇ ಎಂಬುದನ್ನು ನೋಡಬೇಕು. ಬಂದರೆ ಇಬ್ಬರೂ ಇರುತ್ತೀರಿ. ಬರದಿದ್ದರೆ ಇಬ್ಬರೂ ಹೋಗುತ್ತೀರಿ. ಆದರೆ ಆ ಡಾಕ್ಟರಬಾಯಿ ಇನ್ನೊಮ್ಮೆ ಮೋಟಾರಿನಲ್ಲಿ ಕೂಡುತ್ತಾರೆಯೇ?”

ನಾನೇ ಹೋಗಿ ಡಾಕ್ಟರಬಾಯಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಹಗೂರ ಎಂಬ ಶಬ್ದಕ್ಕೆ ಬಹಳ ಹೊತ್ತು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು, “ತಪ್ಪು ಎಲ್ಲದ ಅಂತ ಗೊತ್ತಾದ ಗಾಡ್ಯಾಗ ನಾ ಕೂಡ್ತೀನಿ. ಗೊತ್ತಿಲ್ಲದ್ರಾಗ ಕೂಡಂಗಿಲ್ಲ. ರೋಗಕ್ಕೂ ಇದಽ ಮಾತು. ಒಂದ್ ಕರಾರು, ಖಾಲಿ ಗಾಡಿ ಹೊಡದು ಪಾಸು ಮಾಡಬ್ಯಾಡ್ರಿ. ಬಾಟ್ಲಿ, ನೀರು, ಮಂಚ ಎಲ್ಲಾ ತುಂಬಿಸಿನಽ ಹೋಗೋಣು.”

ಮುಂದಿನ ಮೂರು ದಿನಗಳು ನನ್ನ ಸೇವೆಯ ಅತ್ಯಂತ ಸಂತೋಷದ ದಿನಗಳು. ಟಾಕಿಯನ್ನು ಗಾಲಿಗಳ ಮುಂದಕ್ಕೆ ತಂದೆವು. ಮೂತಿಯ ಭಾರವನ್ನು ಊಹೆಯ ಮೇಲೆ ಬಿಡಬಾರದೆಂದು, ರೋಗಿಗಳನ್ನು ತೂಗುವ ಡಾಕ್ಟರಬಾಯಿಯವರ ಕಾಟಾದ ಮೇಲೇ ಮೂತಿಯನ್ನಿಟ್ಟು ತೂಗಿದೆವು. ಒಂದು ಸಾಮಾನು ಸರಿಸಿದಾಗಲೊಮ್ಮೆ ಮುಳ್ಳು ನೋಡಿದೆವು. “ಮೂತಿಗೆ ಜ್ವರ ಎಷ್ಟದ ನೋಡ್ರಿ ಡಾಕ್ಟರ್,” ಎಂದು ದಾವಲಸಾಬರು ನನ್ನನ್ನೇ ಡಾಕ್ಟರ್ ಎಂದು ಕರೆಯತೊಡಗಿದರು. ಕಾಟಾದ ಮುಳ್ಳು ನಿಂತ ಮೇಲೆ ನಾನು ಕಣ್ಣು ಮುಚ್ಚಿ ಮೂತಿಯನ್ನು ಎತ್ತಿ ನೋಡಿದೆ. ರಟ್ಟೆಗೆ ತಿಳಿಯಿತು, ಉಸಿರು ಹತ್ತಲಿಲ್ಲ.

ಕೊಂಡಿಯ ಸ್ಥಾನವನ್ನೂ ಬದಲಿಸಿದೆವು. ಮೊದಲು ಅದು ಮೋಟಾರಿನ ಹಿಂದಿನ ಗಾಲಿಗಳಿಂದ ಬಹಳ ದೂರಕ್ಕೆ ಚಾಚಿಕೊಂಡಿತ್ತು. ಕೊಂಡಿ ದೂರವಾದಷ್ಟೂ ಗಾಡಿಯ ತಳ್ಳು ಮೋಟಾರಿನ ಹಿಂಭಾಗವನ್ನು ಪಕ್ಕಕ್ಕೆ ತಿರುಗಿಸಬಲ್ಲದು. ಉದ್ದನೆಯ ಹಿಡಿಕೆಯ ಪಾನಾ ಹೆಚ್ಚು ತಿರುಗಿಸುವಂತೆ. ಅದನ್ನು ಮೋಟಾರಿನ ಚೌಕಟ್ಟಿಗೆ ಒತ್ತಿ ಗಾಲಿಗಳ ಹತ್ತಿರಕ್ಕೆ ತಂದೆವು. ಗುಂಡನ್ನು ಎತ್ತರಿಸಿ, ದಂಡ ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡಿದೆವು. ದಂಡ ಓರೆಯಾಗಿದ್ದರೆ ಕೊಳವೆಯಲ್ಲಿ ಜಾರುವುದಿಲ್ಲ, ಜಾರದಿದ್ದರೆ ಬ್ರೇಕಿಗೆ ಸುದ್ದಿ ಮುಟ್ಟುವುದಿಲ್ಲ. ಮುಂದೆ ಯುದ್ಧದ ಕಾಲದಲ್ಲಿ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಎಷ್ಟೋ ಬಗೆಯ ಗಾಡಿಗಳ ಕೊಂಡಿಗಳನ್ನು ನೋಡಿದೆ. ಈ ಮೂರು ಮಾತುಗಳಾಚೆಗೆ ನಾಲ್ಕನೆಯದೊಂದನ್ನು ಕಲಿತೆನೆಂದು ಹೇಳಲಾರೆ. ಮೂತಿಗೆ ತಕ್ಕಷ್ಟು ಭಾರ, ಗಾಲಿಗೆ ಹತ್ತಿರದ ಕೊಂಡಿ, ನೆಲಕ್ಕೆ ಸಮನಾದ ದಂಡ.

ಎರಡನೆಯ ಪರೀಕ್ಷೆಯ ದಿನ ಲೇಲೆ ಸಾಹೇಬರು ತಮ್ಮ ಮೋಟಾರು ತರಲಿಲ್ಲ. ಡಾಕ್ಟರಬಾಯಿಯವರ ಮೋಟಾರಿನ ಹಿಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕುಳಿತರು. ತೊಡೆಯ ಮೇಲೆ ರಿಜಿಸ್ಟರು. ದಾವಲಸಾಬರು ಮುಂದೆ ಕುಳಿತರು.

“ಗೂಟ?” ಎಂದು ಡಾಕ್ಟರಬಾಯಿ ಕೇಳಿದರು.

ದಾವಲಸಾಬರು ಕೆಂಪು ಅರಿವೆಯ ಗೂಟವನ್ನು ಜೇಬಿನಿಂದ ತೆಗೆದು ತೋರಿಸಿದರು.

ಬೋಗದೆ ದಾಟಿದೆವು. ಇಳಿಜಾರು ಶುರುವಾದಾಗ ನಾನು ಬೆನ್ನನ್ನು ಸೀಟಿಗೆ ಒತ್ತಿಕೊಂಡು ಆ ಅಲುಗಾಟಕ್ಕಾಗಿ ಕಾದೆ. ಮೊದಲ ತಿರುವು ಹೋಯಿತು. ಎರಡನೆಯ ತಿರುವು, ಅದೇ ಮಣ್ಣಿನ ದಿಬ್ಬ, ಅದರ ಮೇಲೆ ನಮ್ಮದೇ ಗಾಲಿಯ ಗುರುತು. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಡಾಕ್ಟರಬಾಯಿ ಬೇಕೆಂದೇ ಬ್ರೇಕು ತುಳಿದರು.

ಹಿಂದಿನಿಂದ ಒಂದು ಸಣ್ಣ ಸದ್ದು ಬಂದಿತು, ದಂಡ ಕೊಳವೆಯೊಳಗೆ ಸರಿದ ಸದ್ದು. ಆಮೇಲೆ ಗಾಡಿ ತಳ್ಳಲಿಲ್ಲ, ಜಗ್ಗಲಿಲ್ಲ. ತುಂಬಿದ ಕೊಡ ಹೊತ್ತವರು ಕಟ್ಟೆಗೆ ಬಂದು ನಿಂತಂತೆ, ಮೋಟಾರೂ ಗಾಡಿಯೂ ಒಟ್ಟಿಗೆ ನಿಂತವು. ಲೇಲೆ ಸಾಹೇಬರು ತಿರುಗಿ ಹಿಂದಿನ ಗಾಡಿಯನ್ನು ನೋಡಿದರು. “ಪುನ್ಹಾ,” ಎಂದರು, ಇನ್ನೊಮ್ಮೆ. ಶಿವಾಪುರದವರೆಗೆ ಹನ್ನೊಂದು ಸಲ ನಿಲ್ಲಿಸಿದೆವು. ಹನ್ನೊಂದೂ ಸಲ ಅದೇ ಸಣ್ಣ ಸದ್ದು. ಐದಾರು ಸಲವಾದ ಮೇಲೆ ಡಾಕ್ಟರಬಾಯಿ ಹಾಡು ಗುನುಗತೊಡಗಿದ್ದರು.

ಕೆಳಗೆ ಇಳಿದು ಗಾಡಿಯ ಬಾಗಿಲು ತೆರೆದೆವು. ಬಾಟಲಿಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಮಾತ್ರ ಒಡೆದು ನೆಲಕ್ಕೆಲ್ಲ ಔಡಲೆಣ್ಣೆ ಹರಿದಿತ್ತು. 

“ಕಪಾಟಿನ ಚಿಲಕ ಹಾಕೀದೇನೋ ಡಾಕ್ಟರ್?” ಎಂದು ದಾವಲಸಾಬರು ನನ್ನನ್ನು ಕೇಳಿದರು.

ಹಾಕಿರಲಿಲ್ಲ.

“ಬ್ರೇಕಿನ ತಪ್ಪಲ್ಲ,” ಎಂದು ಲೇಲೆ ಸಾಹೇಬರು ನಿರ್ಣಯಿಸಿದರು. ಅವರು ಮನೆಗಾಡಿಯ ಮೆಟ್ಟಿಲ ಮೇಲೆ ಕುಳಿತು, ರಿಜಿಸ್ಟರಿನಲ್ಲಿ ನನ್ನ ಹಳೆಯ ನಮೂದನ್ನು ತಮ್ಮ ಕೈಯಿಂದ ಹೊಡೆದು ಹಾಕಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. “ಬ್ರೇಕಿನ ಮಿಸ್ತ್ರಿ ಏನು ಹೇಳುತ್ತಾರೋ ಕೇಳಿ ಬರೆ. ಬರೆದದ್ದನ್ನು ಓದಿ ತೋರಿಸು. ಆಮೇಲೆ ಹೆಬ್ಬೆಟ್ಟು.” ಬ್ರೇಕಿನ ಮಿಸ್ತ್ರಿ ಎಂದು ಅವರು ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಆ ದಿನದಿಂದ, ಓದಿ ತೋರಿಸದೆ ಯಾರ ಹೆಬ್ಬೆಟ್ಟನ್ನೂ ಪಡೆಯಬಾರದೆಂಬುದು ನಮ್ಮ ಕಾರಖಾನೆಯ ನಿಯಮವಾಯಿತು.

ನಾನು ಕಿವಿಯ ಮೇಲಿನ ಪೆನ್ಸಿಲು ತೆಗೆದು ದಾವಲಸಾಬರ ಮುಂದೆ ನಿಂತೆ. ಅವರು ಕೊಂಡಿಯ ಮೇಲೆ ಅಂಗೈ ಇಟ್ಟುಕೊಂಡು, ಇಳಿದು ಬಂದ ಘಾಟನ್ನು ಒಮ್ಮೆ ನೋಡಿದರು.

“ಬರಿ, ಈರಣ್ಣ. ಬ್ರೇಕ್ ಹಗೂರ ಹಿಡೀತದ.” ಹೆಬ್ಬೆರಳಿಗೆ ಮಸಿ ಹಚ್ಚಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು. “ಯಾವ ಹಗೂರ ಅನ್ನೋದೂ ಬರಿ.”